ಶಹಾಪುರದ ಮಲಗಿದ ಬುದ್ಧನ್ನ ನೋಡ್ಲಾಕ ಹೊಂಟವ್ರಿಗೆ

ಯಾದಗಿರಿ ಜಿಲ್ಲೆ ಶಹಾಪುರದಾಗ ಬೆಟ್ಟದ ಸಾಲು ದೂರದಿಂದ ಬುದ್ಧ ಮಲಗಿದಂಗ ಕಾಣ್ತದ. ಆ ಮಲಗಿದ ಬುದ್ಧನ್ನ ನೋಡ್ಬೇಕಂತ ಯಾರೇ ಪ್ಲ್ಯಾನ್ ಹಾಕ್ಲಿ, ಮೊದಲ ಕೇಳೋದು ಮ್ಯಾಲ ಹತ್ತೋ ದಾರಿ ಎಲ್ಲದ ಅಂತ. ದಸರಾ ಸೂಟಿಗೆ ಪುಣೆದಿಂದ ಬರೋ ನಮ್ಮ ಅಕ್ಕನ ಮಗನೂ ಫೋನಿನ್ಯಾಗ ಅದೇ ಕೇಳ್ದ, "ಮಾಮಾ, ಬುದ್ಧನ ತಲಿ ಮ್ಯಾಲ ನಿಂತು ಫೋಟೋ ತಗೀಬಹುದಲ್ಲಾ?" ಅಂತ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತೀನಿ. ಮ್ಯಾಲ ಹತ್ತಿದ್ರ ಬುದ್ಧ ಕಾಣಂಗಿಲ್ಲ.

ಯಾಕಂದ್ರ ಅದು ಒಂದು ಬೆಟ್ಟ ಅಲ್ರಿ. ಬ್ಯಾರೆ ಬ್ಯಾರೆ ನಾಕು ಬೆಟ್ಟ. ಜೇವರ್ಗಿ ಕಡಿಂದ ಬರೋವಾಗ ಭೀಮರಾಯನಗುಡಿ ದಾಟಿ ಶಹಾಪುರ ಹತ್ರ ಆಗ್ಲಾಕತ್ತಾಗ ಆ ನಾಕೂ ಒಂದೇ ಗೆರಿಗೆ ಬಂದು ಕೂಡ್ತಾವ, ಆಗ ಹಣಿ, ಮೂಗು, ಗದ್ದ, ಎದಿ ಎಲ್ಲಾ ಒಂದಾಗಿ ಮುಗಿಲ ಕಡಿ ಮುಖ ಮಾಡಿ ಮಲಗಿದಂಗ ಕಾಣ್ತದ. ಗಾಡಿ ಇನ್ನಷ್ಟು ಮುಂದ ಹೋತಂದ್ರ ಗೆರಿ ಬಿಚ್ಚಿಕೊಂತದ, ಬರೇ ಗುಂಡುಗಲ್ಲಿನ ಬೆಟ್ಟ ಉಳೀತಾವ. ಅಂದಮ್ಯಾಲ ನೋಡೋ ಜಾಗ ಬೆಟ್ಟ ಅಲ್ಲ, ರೋಡು. ಗಾಡಿ ಸೈಡಿಗೆ ಹಚ್ಚಿ ಇಳದು ನಿಂತು ನೋಡ್ರಿ, ಕರೆಂಟ್ ಕಂಬ ಸರೀ ಮೂಗಿನ ಮ್ಯಾಲ ಬಂದಿರ್ತದ, ನಾಕು ಹೆಜ್ಜಿ ಎಡಕ್ಕ ಸರದ್ರ ಮೂಗು ಬಿಡಿಸಿಕೊಂತದ ಆದ್ರ ವಾಯರ್ ಗದ್ದಕ್ಕ ಅಡ್ಡ ಬರ್ತದ, ಹಿಂದಿಂದ ಲಾರಿ ಹಾರ್ನ್ ಹೊಡಕೋತ ಹೋಗ್ತಿರ್ತಾವ. ಮಕ್ಕಳನ್ನ ಕೈ ಹಿಡಕೊಂಡೇ ಇಳಸ್ರಿ.

ಇನ್ನ ಟೈಮಿಂದು. ನಡು ಮಧ್ಯಾಹ್ನ ಹೋಗಬ್ಯಾಡ್ರಿ, ಬಿಸಿಲಿನ ಝಳಕ್ಕ ಮುಗಿಲೂ ಬೆಟ್ಟಾನೂ ಒಂದೇ ಬೂದಿ ಬಣ್ಣ ಆಗಿರ್ತಾವ. ಮುಂಜಾನೆ ಬೇಗ, ಇಲ್ಲಾಂದ್ರ ಹೊತ್ತು ಮುಳುಗೋಕಿಂತ ಸ್ವಲ್ಪ ಮೊದಲ, ಆಗ ಗೆರಿ ಚಂದ ಎದ್ದು ಕಾಣ್ತದ. ಮಳಿಗಾಲ ಮುಗದ ಮ್ಯಾಲ ಧೂಳು ಕುಂತು ಗಾಳಿ ಸ್ವಚ್ಛ ಇರ್ತದ, ದಸರಾದಿಂದ ಸಂಕ್ರಾಂತಿ ತನಕ ಭಾಳ ಚೊಲೊ. ಏಪ್ರಿಲ್ ಮೇದಾಗ ನಮ್ಮ ಕಡಿ 40 ಡಿಗ್ರಿ ದಾಟಿರ್ತದ, ದೂರದಿಂದ ಬರೋರನ್ನ ಆಗ ಕರೀಲೇಬ್ಯಾಡ್ರಿ. ರೈಲಿಗೆ ಬರೋರು ಯಾದಗಿರಿಗೆ ಇಳದು ಬಸ್ ಹಿಡೀಬಹುದು.

ನಾವು ಮಾತ್ರ ಕಲಬುರಗಿಯಿಂದ ಕಾರಿಗೇ ಹೋಗೋದು, ನಸುಕಿನ್ಯಾಗ ಖಡಕ್ ರೊಟ್ಟಿ ಶೇಂಗಾ ಹಿಂಡಿ ಕಟ್ಟಗೊಂಡು. ಫರಹತಾಬಾದ, ಕಟ್ಟಿಸಂಗಾವಿ ಹತ್ರ ಭೀಮಾ ಬ್ರಿಜ್, ಜೇವರ್ಗಿ, ಈ ದಾರಿ ನಿದ್ದಿ ಮಾಡಿ ಕಳಿಯೋದಲ್ಲ. ಕಲಬುರಗಿ ಸುತ್ತ ತೊಗರಿ ಬೆಳಿಯೋ ಕರಿ ಮಣ್ಣು ಅಂದ್ರ ಸುಮಾರು 6.6 ಕೋಟಿ ವರ್ಷದ ಹಿಂದ ಹರದ ಲಾವಾದ ಕಲ್ಲು ಸವದು ಆಗಿದ್ದು. ಭೀಮಾ ಸೀಮಿಗೆ ಬಂದ್ರ ನಮ್ಮ ಮನಿಗೆಲ್ಲ ಹಾಸಿರೋ ಶಾಬಾದಿ ಫರಸಿ, ಅದು ಹಳೀ ಸಮುದ್ರದ ತಳ. ಶಹಾಪುರ ಹತ್ರ ಬಂದಂಗ ಗ್ರಾನೈಟ್, ಅದು ಸುಮಾರು 250 ಕೋಟಿ ವರ್ಷದ್ದು. ಆ ಗ್ರಾನೈಟ್ ಭೂಮಿ ಆಳದಾಗ ಹುಟ್ಟಿದ್ದು, ಮ್ಯಾಲಿಂದೆಲ್ಲಾ ಸವದು ಹೋದ ಮ್ಯಾಲ ಹೊರಗ ಬಂತು, ಸೀಳಿನ್ಯಾಗ ನೀರು ಇಳೀತು, ಬಿಸಿಲು ಥಂಡಿ ಬಡದು ಉಳ್ಳಾಗಡ್ಡಿ ಸಿಪ್ಪಿ ಬಿಟ್ಟಂಗ ಪದರ ಪದರ ಬಿಡ್ತು, ಮೂಲಿ ಮೊದಲ ಸವದು ಕಲ್ಲು ಗುಂಡಗಾದ್ವು. ಆ ಮೂಗು ಆ ಹಣಿ ಆಗಿದ್ದು ಹಿಂಗ. ಇದನ್ನ ಅಲ್ಲೇ ನಿಂತು ಮಕ್ಕಳಿಗೆ ಹೇಳ್ರಿ.

ಹಂಗಂತ ಅಶೋಕ ಕೆತ್ತಿಸಿದ್ದು ಅಂತ ಏನಾರ ಹೇಳಬ್ಯಾಡ್ರಿ. ಭೀಮಾ ದಂಡಿ ಮ್ಯಾಲ ಬೌದ್ಧರಿದ್ದದ್ದು ಖರೆ. ಸನ್ನತಿಯಾಗ 1986ರಾಗ ಅಶೋಕನ ಶಾಸನ ಸಿಕ್ತು, ಅಲ್ಲೇ ಬಾಜೂಕ ಕನಗನಹಳ್ಳಿ ಸ್ತೂಪದಾಗ 'ರಾಯೋ ಅಸೋಕೋ' ಅಂತ ಹೆಸರು ಬರದ ಅಶೋಕನ ಉಬ್ಬುಶಿಲ್ಪಾನೇ ಸಿಕ್ಕದ. ಅದಕ್ಕ ಇನ್ನೊಂದು ಪೂರಾ ದಿನ ಇಡ್ರಿ, ಅರ್ಧ ತಾಸಿನ್ಯಾಗ ಮುಗಸೋ ಜಾಗ ಅಲ್ಲದು. ಬುದ್ಧನ ಜೊತಿಗೆ ನೋಡ್ಬೇಕಾದ್ರ ಶಹಾಪುರ ಹತ್ರದ ವಿಭೂತಿಹಳ್ಳಿಗೆ ಹೋಗ್ರಿ, ಪ್ರಾಚೀನ ಮಂದಿ ಗುಂಡುಗಲ್ಲುಗಳನ್ನ ಸಾಲು ಸಾಲಾಗಿ ಇಟ್ಟಾರ.

ಈಗ ನನ್ನ ಮನಸಿನ್ಯಾಗಿರೋದು ಹೇಳ್ತೀನಿ. ವಿಭೂತಿಹಳ್ಳಿ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಜಾಗ, ಅಂಥಾ ಜಾಗದ ಸುತ್ತ 100 ಮೀಟರ್ ಏನೂ ಕಟ್ಟಂಗಿಲ್ಲ, ಅದರಾಚಿ 200 ಮೀಟರ್‌ನಾಗ ಪರ್ಮಿಷನ್ ಬೇಕು ಅಂತ ಕಾನೂನದ. ಬುದ್ಧನ್ನ ಯಾರೂ ಕಟ್ಟಿಲ್ಲ ನೋಡ್ರಿ, ಹಿಂಗಾಗಿ ಆ ಲೆಕ್ಕದಾಗ ಬರಂಗಿಲ್ಲ. ಜಿಯಾಲಜಿಕಲ್ ಸರ್ವೇದವ್ರು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ನಮ್ಮ ರಾಜ್ಯದಾಗ 4 ಜಾಗ ಗುರುತಿಸ್ಯಾರ, ಲಾಲ್‌ಬಾಗ್ ಬಂಡಿಗಲ್ಲು, ಉಡುಪಿ ಕಡಿ ಸೇಂಟ್ ಮೇರೀಸ್ ದ್ವೀಪ, ಚಿತ್ರದುರ್ಗದ ಮರಡಿಹಳ್ಳಿ, ಇನ್ನೊಂದು ಕೋಲಾರ ಕಡಿ. ಕಲ್ಯಾಣ ಕರ್ನಾಟಕದ್ದು ಒಂದೂ ಇಲ್ಲ. ಇದು ನನಗ ಭಾಳ ಕಡೀತದ.

ಅದಕ್ಕಿಂತ ದೊಡ್ಡ ಮಾತು, ಇಲ್ಲಿ ಬರೇ ಬೆಟ್ಟ ಕಾಯ್ದರ ಸಾಲಂಗಿಲ್ಲ. ನಾಕರಾಗ ಒಂದರ ಮ್ಯಾಲ ಕಲ್ಲು ಒಡದ್ರೂ ಮುಖ ಹೋತು, ಅದು ಎಲ್ಲರಿಗೂ ತಿಳೀತದ. ಆದ್ರ ಒಂದು ಕಲ್ಲೂ ಮುಟ್ಟದೇ ಹೈವೇ ಬಾಜೂಕ ನಾಕು ಮಾಳಿಗಿ ಲಾಡ್ಜ್ ಕಟ್ಟಿದ್ರ, ದೊಡ್ಡ ಹೋರ್ಡಿಂಗ್ ನಿಲ್ಲಿಸಿದ್ರ, ಟವರ್ ಹಾಕಿದ್ರ ಆಗಲೂ ಬುದ್ಧ ಹೋದಂಗೇ. ರೋಡಿಗೂ ಬೆಟ್ಟಕ್ಕೂ ನಡುವಿನ ಆ ಖಾಲಿ ಜಾಗಾನೂ ಬುದ್ಧನೇ. ಅದಕ್ಕ ನಾನು ಕೇಳೋದು ರೋಪ್‌ವೇ ಅಲ್ಲ, ಲೈಟಿಂಗ್ ಅಲ್ಲ, ಬಾಜೂಕ ಇನ್ನೊಂದು ಸಿಮೆಂಟಿನ ಬುದ್ಧನಂತೂ ಬ್ಯಾಡೇ ಬ್ಯಾಡ. ನೋಡೋ ಜಾಗ ಗುರುತು ಮಾಡಿ ಗಾಡಿ ನಿಲ್ಲಿಸ್ಲಾಕ ರೋಡಿನಿಂದ ಒಳಗ ಒಂದಿಷ್ಟು ಜಾಗ ಮಾಡ್ರಿ, ಕಲ್ಲು ಹ್ಯಾಂಗ ಹಿಂಗಾತು ಅಂತ ಕನ್ನಡದಾಗ ಒಂದು ಬೋರ್ಡ್ ಹಾಕ್ರಿ, ಆ ನೋಟದ ಪಟ್ಟಿ ಎಲ್ಲಿಂದ ಎಲ್ಲಿತನಕ ಅಂತ ಊರಿನ ಮಾಸ್ಟರ್ ಪ್ಲ್ಯಾನ್‌ನಾಗ ಬರದು ಅಲ್ಲಿ ಎತ್ತರದ್ದೇನೂ ಬ್ಯಾಡ ಅನ್ರಿ, ಕಂಬಗಳನ್ನ ಆಚಿ ಸೈಡಿಗೆ ಸರಸ್ರಿ. ಇದಕ್ಕೆಲ್ಲಾ ಕೋಟಿಗಟ್ಟಲೆ ರೊಕ್ಕ ಬೇಕಿಲ್ಲ.

ಈ ಸಲ ಯಾರ್ಯಾರು ಹೋಗ್ತೀರೋ, ಫೋಟೋ ಹಾಕೋವಾಗ ಎಲ್ಲಿ ನಿಂತು ತಗದ್ರಿ, ಯಾವ ತಾರೀಖು ಅಂತ ಜೊತಿಗೆ ಬರೀರಿ. ಕಂಬ, ಬೋರ್ಡು, ಹೊಸಾ ಬಿಲ್ಡಿಂಗ್ ಅಡ್ಡ ಬಂದಿದ್ರ ಕ್ರಾಪ್ ಮಾಡಬ್ಯಾಡ್ರಿ, ಹಂಗೇ ಹಾಕ್ರಿ. ನಾಳೆ ಡಿಸಿ ಆಫೀಸಿಗೆ ಅರ್ಜಿ ಕೊಡ್ಲಾಕ ಹೋದಾಗ ಜೊತಿಗೆ ಹಚ್ಲಾಕ ಅವೇ ಬೇಕಾಗ್ತಾವ.