ನುಂಗಕ್ಕೆ ಆಗುತ್ತಾ ಅಂತ ಮೊದಲು ಕೇಳಿ ಸ್ವಾಮಿ

ನಿನ್ನೆ ಮಂಡ್ಯದ ಒಂದು ಆಸ್ಪತ್ರೆಗೆ ನೆಂಟರೊಬ್ಬರನ್ನು ನೋಡಲು ಹೋಗಿದ್ದೆ. ಇನ್ನೂ ಮೈ ಉರಿಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಪುರುಸೊತ್ತು ಇದ್ದವರು ಓದಿ.

ನಮ್ಮವರ ಪಕ್ಕದ ಮಂಚದಲ್ಲಿ ಒಬ್ಬ ಹಿರಿಯರು. ಲಕ್ವ ಹೊಡೆದು ಬಲಗಡೆ ಸ್ವಾಧೀನ ಇಲ್ಲ, ಬಾಯಿ ಸೊಟ್ಟ. ನೋಡಲು ಬಂದ ಊರಿನವರೊಬ್ಬರು ಅವರನ್ನು ಎಬ್ಬಿಸಿ ಕೂರಿಸಲೂ ಇಲ್ಲ, ಮಲಗಿದ್ದ ಹಾಗೇ ಲೋಟದಿಂದ ಎಳನೀರು ಹುಯ್ದರು. ಅರ್ಧ ಬಾಯಿಯ ಮೂಲೆಯಿಂದ ದಿಂಬಿಗೆ ಇಳಿಯಿತು. ಉಳಿದದ್ದು ಒಳಗೆ ಹೋಯಿತು, ಆದರೆ ಹೊಟ್ಟೆಗೋ ಎದೆಗೋ ಯಾರಿಗೆ ಗೊತ್ತು? ಕೆಮ್ಮು ಶುರುವಾಯಿತು. ಸುತ್ತ ಇದ್ದವರೆಲ್ಲ ನೆತ್ತಿ ತಟ್ಟಿದ್ದೇ ತಟ್ಟಿದ್ದು. ‘ಯಾರೋ ನೆನೆಸ್ಕೊಂಡ್ರು ಬಿಡಿ’ ಅಂತ ನಗು ಬೇರೆ. ಕೆಮ್ಮು ನಿಂತ ಮೇಲೆ ಅವರು ಏನೋ ಹೇಳಲು ಹೋದರು. ದನಿ ಗೊರಗೊರ ಅನ್ನುತ್ತಿತ್ತು. ಅಷ್ಟರಲ್ಲಿ ಲೋಟ ಮತ್ತೆ ಬಾಯಿಗೆ ಬಂತು!

ತಡೆಯಲಾಗಲಿಲ್ಲ. ‘ನುಂಗಕ್ಕೆ ಆಗುತ್ತಾ ಅಂತ ಡಾಕ್ಟರನ್ನ ಕೇಳಿದ್ದೀರಾ?’ ಅಂದೆ. ‘ನೀರು ಕುಡಿಸಕ್ಕೂ ಡಾಕ್ಟರನ್ನ ಕೇಳ್ಬೇಕಾ ಮೇಡಂ?’ ಅಂದರು.

ಹೌದು ಸ್ವಾಮಿ. ಕೇಳಲೇಬೇಕು.

ಉಸಿರಿನ ದಾರಿ, ಅನ್ನದ ದಾರಿ ಎರಡೂ ಗಂಟಲಿನಲ್ಲಿ ಒಂದನ್ನೊಂದು ದಾಟುತ್ತವೆ. ರೈಲ್ವೆ ಗೇಟು ಇದ್ದ ಹಾಗೆ. ನುಂಗುವಾಗ ಉಸಿರು ಒಂದು ಕ್ಷಣ ನಿಲ್ಲುತ್ತದೆ, ಧ್ವನಿಪೆಟ್ಟಿಗೆ ಮೇಲಕ್ಕೆ ಎದ್ದು ಮುಚ್ಚಿಕೊಳ್ಳುತ್ತದೆ, ಆಗ ತುತ್ತು ಅನ್ನನಾಳಕ್ಕೆ ಇಳಿಯುತ್ತದೆ. ಲಕ್ವದಲ್ಲಿ ಈ ಗೇಟು ತಡವಾಗಿ ಬೀಳುತ್ತದೆ, ಇಲ್ಲವೇ ಅರ್ಧಕ್ಕೇ ನಿಲ್ಲುತ್ತದೆ. ಆಗ ಎಲ್ಲಕ್ಕಿಂತ ಅಪಾಯ ಯಾವುದು ಗೊತ್ತಾ? ನೀರು. ಸರಕ್ಕನೆ ಜಾರುತ್ತದಲ್ಲ, ಗೇಟು ಬೀಳುವಷ್ಟರಲ್ಲಿ ಶ್ವಾಸಕೋಶದ ಕಡೆ ಹೊರಟಿರುತ್ತದೆ. ‘ಅನ್ನ ಬೇಡ, ಬರೀ ನೀರು ತಾನೇ’ ಅನ್ನುವವರಿಗೆ ಇದನ್ನು ಹೇಗೆ ಹೇಳುವುದೋ.

ಸ್ಟ್ರೋಕ್ ಆದ ಹೊಸದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ನುಂಗಲು ತೊಂದರೆ ಇರುತ್ತದೆ. ಕೆಮ್ಮಿದವರು ಎಷ್ಟೋ ವಾಸಿ, ಏನೋ ಎಡವಟ್ಟಾಗಿದೆ ಅಂತ ನಮಗೆ ತಿಳಿಯುತ್ತದೆ. ಗಂಟಲಿನ ಸ್ಪರ್ಶವೇ ಹೋಗಿದ್ದರೆ ಕೆಮ್ಮೂ ಬರುವುದಿಲ್ಲ. ಸದ್ದಿಲ್ಲದೆ ಒಳಗೆ ಹೋಗುತ್ತಿರುತ್ತದೆ. ‘ಚೆನ್ನಾಗಿ ಊಟ ಮಾಡಿದ್ರು’ ಅಂತ ಮನೆಯವರು ಖುಷಿಪಡುತ್ತಾರೆ. ಆಮೇಲೆ ಜ್ವರ, ಎದೆಯಲ್ಲಿ ಕಫ, ನ್ಯುಮೋನಿಯಾ, ಐಸಿಯು. ಸ್ಟ್ರೋಕ್ ಆದವರನ್ನು ಕೊನೆಗೆ ಕೊಂಡೊಯ್ಯುವ ಕಾರಣಗಳಲ್ಲಿ ಈ ನ್ಯುಮೋನಿಯಾ ದೊಡ್ಡದು. ನಾವು ಮಾತ್ರ ‘ಲಕ್ವ ಹೊಡೆದು ಹೋದ್ರು’ ಅಂದುಬಿಡುತ್ತೇವೆ.

ನನ್ನ ಸಿಟ್ಟು ಆ ಊರಿನವರ ಮೇಲಲ್ಲ. ಪಾಪ, ಪ್ರೀತಿಯಿಂದ ತಂದಿದ್ದರು. ಸಿಟ್ಟು ಯಾರ ಮೇಲೆ ಅಂದರೆ, ಬಿಪಿ ಬರೆದು, ಶುಗರ್ ಬರೆದು, ಎಂಟು ಮಾತ್ರೆ ಬರೆದು, ಊಟದ ಜಾಗದಲ್ಲಿ ‘ಸಾಫ್ಟ್ ಡಯಟ್’ ಅಂತ ಗೀಚಿ ಕಳಿಸುತ್ತಾರಲ್ಲ, ಅವರ ಮೇಲೆ. ಸಾಫ್ಟ್ ಅಂದರೆ ಏನು? ಇಡ್ಲಿಯಾ? ಗಂಜಿಯಾ? ಕಾಫಿಯಲ್ಲಿ ಅದ್ದಿದ ಬನ್ನಾ? ನೀರೂ ಗಟ್ಟಿಯೂ ಒಟ್ಟಿಗೇ ಬಾಯಿಗೆ ಬಂದರೆ ಅದು ಇನ್ನೂ ಕಷ್ಟ ಅಂತ ಯಾರಾದರೂ ಹೇಳಿದರಾ? ಆ ಎಂಟು ಮಾತ್ರೆ ನುಂಗುವುದು ಹೇಗೆ ಅಂತ ಹೇಳಿದರಾ? ಮನೆಯವರು ಎಲ್ಲವನ್ನೂ ಕುಟ್ಟಿ ಪುಡಿ ಮಾಡುತ್ತಾರೆ. ನಿಧಾನವಾಗಿ ಕರಗಲೆಂದೇ ಮಾಡಿದ ಮಾತ್ರೆಗಳನ್ನು ಪುಡಿ ಮಾಡಲೇಬಾರದು.

‘ಜನರಲ್ ವಾರ್ಡಲ್ಲಿ ನರ್ಸ್ ಎಷ್ಟು ಜನ ಇರ್ತಾರೆ, ಇದೆಲ್ಲ ಎಲ್ಲಿ ಆಗುತ್ತೆ’ ಅಂತ ನನ್ನ ಡಾಕ್ಟರ್ ಗೆಳತಿ ಅಂದಳು. ಸರಿ ತಾಯಿ, ಒಪ್ಪಿದೆ. ಆದರೆ ರೋಗಿಯನ್ನು ನೆಟ್ಟಗೆ ಕೂರಿಸಿ, ಒಂದೊಂದೇ ಚಮಚ ನೀರು ಕೊಟ್ಟು, ಕೆಮ್ಮು ಬರುತ್ತಾ, ದನಿ ಒದ್ದೆಯಾಗಿ ಗೊರಗೊರ ಅನ್ನುತ್ತಾ ಅಂತ ನೋಡಲು ತರಬೇತಿ ಆದವರಿಗೆ ಎಷ್ಟು ಹೊತ್ತು ಬೇಕು? ಕೆಲವೇ ನಿಮಿಷ. ಬಾಯಿಗೆ ಮೊದಲ ಗುಟುಕು, ಮೊದಲ ಮಾತ್ರೆ ಹೋಗುವ ಮುಂಚೆ ಆಗಬೇಕಾದ ಕೆಲಸ ಇದು. ಐಸಿಯು ಬಿಲ್ ಪ್ರಿಂಟ್ ಮಾಡಲು ಮಾತ್ರ ಸಿಬ್ಬಂದಿಗೆ ಯಾವತ್ತೂ ಕೊರತೆ ಇಲ್ಲ, ಅಲ್ವಾ?

ನನಗೆ ಯಾಕೆ ಇಷ್ಟು ಉರಿ ಅಂತ ಅಪ್ಪನನ್ನು ಬಲ್ಲವರಿಗೆ ಗೊತ್ತು. ಅಪ್ಪನಿಗೆ ಪಾರ್ಕಿನ್ಸನ್ಸ್ ಇತ್ತು, ಕೈ ನಡುಗಿ ಮೈ ಬಿಗಿಯುವ ನರದ ಕಾಯಿಲೆ. ಮುದ್ದೆ ಅಗಿಯುವವರನ್ನು ಕಂಡರೆ ‘ಬೆಂಗಳೂರಿನವ್ನೇನೋ’ ಅಂತ ಆಡಿಕೊಳ್ಳುತ್ತಿದ್ದ ಮನುಷ್ಯ. ಉಪ್ಸಾರಲ್ಲಿ ಹೊರಳಿಸಿ ಗುಳುಂ ಅನ್ನಿಸುತ್ತಿದ್ದರು. ಕಾಯಿಲೆ ಬಂದ ಮೇಲೆ ಅದೇ ತುತ್ತು ಬಾಯಲ್ಲೇ ನಿಲ್ಲತೊಡಗಿತು. ಮದುವೆ ಮನೆಗೆ ಹೋಗುವುದನ್ನು ಬಿಟ್ಟರು. ಕಾಲು ನೋವು ಅನ್ನುತ್ತಿದ್ದರು. ಕಾಲೂ ಅಲ್ಲ, ಏನೂ ಅಲ್ಲ. ಪಂಕ್ತಿಯಲ್ಲಿ ಕೂತು ಎಲ್ಲರ ಮುಂದೆ ಕೆಮ್ಮು ಬಂದು ಜೊಲ್ಲು ಸುರಿದರೆ ಅಂತ ನಾಚಿಕೆ. ಅವರು ಹೋದ ಮೇಲೆ ನನಗೊಂದು ಚಾಳಿ ಅಂಟಿದೆ. ಈಗಲೂ ಯಾವುದೇ ಊಟದ ಮನೆಯಲ್ಲಿ ವಯಸ್ಸಾದವರ ಗಂಟಲ ಗಂಟನ್ನೇ ನೋಡುತ್ತಾ ಕೂರುತ್ತೇನೆ. ಮೇಲೆ ಹೋಯಿತಾ, ಇಳಿಯಿತಾ. ಎದುರಿಗೆ ಕೂತವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಹೋಳಿಗೆ ಬಡಿಸುತ್ತಾ ದೊಡ್ಡಮ್ಮ ಒಬ್ಬರು ‘ನಮ್ಮ ಕಾಲದಲ್ಲಿ ಇದೆಲ್ಲ ಇತ್ತಾ? ನಮ್ಮತ್ತೆಗೆ ಹಾಸಿಗೆ ಮೇಲೇ ಗಂಜಿ ಹುಯ್ದು ಬದುಕಿಸಿದ್ವಿ’ ಅಂದಿದ್ದರು. ಎಷ್ಟು ದಿನ ಬದುಕಿದ್ರು ಅಂತ ಕೇಳಿದೆ. ಹೋಳಿಗೆ ತಟ್ಟೆ ಮುಂದಿನ ಎಲೆಗೆ ಹೋಯಿತು.

ಇನ್ನು ಮೂಗಿನಿಂದ ಹೊಟ್ಟೆಗೆ ಊಟ ಇಳಿಸುವ ಪೈಪು. ರೈಲ್ಸ್ ಟ್ಯೂಬ್ ಹಾಕಿದರು ಅಂದರೆ ಮನೆಯಲ್ಲಿ ಅರ್ಧ ಅಳು ಶುರು. ಎಷ್ಟೋ ಜನಕ್ಕೆ ಕೆಲವು ವಾರಗಳಲ್ಲಿ ನುಂಗುವ ಶಕ್ತಿ ವಾಪಸ್ ಬರುತ್ತದೆ, ಪೈಪು ಅಲ್ಲಿಯವರೆಗೆ ಮಾತ್ರ. ಹಾಗಂತ ಪೈಪಿದ್ದರೆ ನಿಶ್ಚಿಂತೆ ಅಂತಲೂ ಅಲ್ಲ. ಜೊಲ್ಲು ಒಳಗೆ ಹೋಗಬಹುದು, ಹೊಟ್ಟೆಯಿಂದ ಮೇಲೆ ಬಂದದ್ದೂ ಹೋಗಬಹುದು. ಬಾಯಲ್ಲಿ ಕೊಳಕು ಇದ್ದರೆ ಆ ಜೊಲ್ಲಿನ ಜೊತೆ ಅದೂ ಶ್ವಾಸಕೋಶಕ್ಕೆ ಹೋಗುತ್ತದೆ. ಪೈಪಿನಲ್ಲಿ ಊಟ ಅಂತ ಹಲ್ಲುಜ್ಜಿಸುವುದನ್ನೇ ಬಿಟ್ಟುಬಿಡುತ್ತಾರೆ! ತಲೆ ಕಡೆ ಎತ್ತರಿಸಿ ಕೊಡಿ, ಕೊಟ್ಟ ಮೇಲೂ ಅರ್ಧ ಗಂಟೆ ಮಲಗಿಸಬೇಡಿ. ಗದ್ದ ಎದೆಗೆ ತಗ್ಗಿಸಿ ನುಂಗುವುದು, ನೀರು ನಿಧಾನ ಜಾರಲಿ ಅಂತ ಅದಕ್ಕೆಂದೇ ಇರುವ ಪುಡಿ ಕಲಸಿ ಗಟ್ಟಿ ಮಾಡುವುದು, ಇವೆಲ್ಲ ಎಲ್ಲರಿಗೂ ಆಗಿಬರುವುದಿಲ್ಲ. ಗಟ್ಟಿ ನೀರಿನ ರುಚಿ ಸೇರದೆ ಕುಡಿಯುವುದನ್ನೇ ಬಿಟ್ಟು ಒಣಗಿ ಹೋದವರಿದ್ದಾರೆ. ತಿಳಿದವರನ್ನು ಕೇಳಿಯೇ ಮಾಡಬೇಕು.

ಆ ತಿಳಿದವರು ಎಲ್ಲಿದ್ದಾರೆ ಅಂದರೆ, ಮೈಸೂರಿನಲ್ಲೇ! ಮಾನಸಗಂಗೋತ್ರಿಯ ‘ಸ್ಪೀಚ್ ಅಂಡ್ ಹಿಯರಿಂಗ್’, ಅದೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. 1960ರ ದಶಕದಿಂದ ಇದೆ, ಕೇಂದ್ರ ಸರ್ಕಾರದ್ದು. ನಮ್ಮ ಜನಕ್ಕೆ ಅದು ಕಿವಿ ಕೇಳದ ಮಕ್ಕಳ ಜಾಗ ಅಷ್ಟೇ. ಮಾತಾಡುವ ನಾಲಿಗೆ, ತುಟಿ, ಗಂಟಲೇ ನುಂಗುವುದಕ್ಕೂ ಬೇಕಲ್ಲ, ಅದಕ್ಕೇ ಸ್ಪೀಚ್ ಥೆರಪಿಸ್ಟುಗಳು ನುಂಗುವ ತೊಂದರೆಯನ್ನೂ ನೋಡುತ್ತಾರೆ. ಇಂಥ ಸಂಸ್ಥೆ ಮಂಡ್ಯದಿಂದ ಬರೀ 45 ಕಿಲೋಮೀಟರು ದೂರ. ಆ ವಾರ್ಡಿನಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ.

ಆ ಹಿರಿಯರ ಮಗಳಿಗೆ ಹೆಸರು, ದಾರಿ ಎಲ್ಲ ಬರೆದು ಕೊಟ್ಟು ಬಂದೆ. ಅಲ್ಲಿಯವರೆಗೆ ಡ್ಯೂಟಿ ಡಾಕ್ಟರನ್ನ ಬಿಡಬೇಡ, ದಿನಾ ಕೇಳು ಅಂದೆ. ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಸ್ಕ್ಯಾನು, ಡಿಸ್ಚಾರ್ಜ್ ಚೀಟಿ, ಮಾತ್ರೆ ಪಟ್ಟಿ ತೆಗೆದುಕೊಂಡು ಹೋಗಿ. ಅವರು ಊಟ ಮಾಡುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಹೋದರೆ ಇನ್ನೂ ಒಳ್ಳೆಯದು. ಕುತ್ತಿಗೆ ಕಾಣುವ ಹಾಗೆ ತೆಗೀರಿ, ಬರೀ ತಟ್ಟೆಯನ್ನಲ್ಲ.