ಮೂಳೆಗಳ ಹೆಸರು ಬಾಯಿಪಾಠ ಆದರೆ ಸಾಲದು

‘ಕೈಯ ಮೂಳೆ, ಸ್ನಾಯು ಗೊತ್ತಿದ್ದರೆ ನೋಡುಗರತ್ತ ಚಾಚಿದ ಕೈ ತಾನಾಗೇ ಸರಿಬರುತ್ತದೆ’ ಅಂತ ಕೈಯ ಚಿತ್ರ ಬರೆಯುವ ಬಗೆಗಿನ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನನಗೆ ಆಗಿದ್ದು ಉಲ್ಟಾ. ಬೆರಳಿಗೆ ಮೂರು ಗೆಣ್ಣು ಅಂತ ಗೊತ್ತಿರುವುದೇ ತೊಂದರೆ. ಬೆರಳ ತುದಿ ನಮ್ಮ ಕಡೆ ತಿರುಗಿದಾಗ ಕಣ್ಣಿಗೆ ಕಾಣುವುದು ಬರೀ ಉಗುರು, ಅದರ ಹಿಂದೆ ಒಂದೆರಡು ಮಡಿಕೆ. ಆದರೆ ಪೆನ್ಸಿಲ್ ಹಟ ಹಿಡಿದು ಮೂರನ್ನೂ ಉದ್ದುದ್ದ ಎಳೆಯುತ್ತದೆ. ವರ್ಷಗಟ್ಟಲೆ ನನ್ನ ಭಾವಚಿತ್ರಗಳಲ್ಲಿ ಕೈ ಅಂದರೆ ಬಾಳೆಹಣ್ಣಿನ ಚಿಪ್ಪು!

ದಾರಿಗೆ ತಂದದ್ದು ಬೇರೆಯದೇ ಅಭ್ಯಾಸ. ಒಂದು ಕಣ್ಣು ಮುಚ್ಚಿ, ಬೆರಳುಗಳ ಬದಲು ಅವುಗಳ ನಡುವಿನ ಖಾಲಿ ಜಾಗದ ಆಕಾರ ಬರೆಯುವುದು. ಆಮೇಲೆ ಯಾವ ಗೆರೆ ಯಾವುದರ ಮುಂದೆ ಬಂದು ಅದನ್ನು ಮುಚ್ಚುತ್ತದೆ ಅಂತ ನೋಡುವುದು. ಆಳ ಹುಟ್ಟುವುದು ಅಲ್ಲೇ. ನೆರಳಿನ ಕೆಲಸ ಆಮೇಲೆ.

ಇನ್ನು ಮೊಬೈಲ್ ಫೋಟೊ ನೋಡಿ ಬರೆಯಿರಿ ಎಂಬ ನಿಮ್ಮ ಸಲಹೆ. ಸ್ವಲ್ಪ ಹುಷಾರು. ಹತ್ತಿರದಿಂದ ತೆಗೆದ ಸೆಲ್ಫಿಯಲ್ಲಿ ಮುಂದೆ ಚಾಚಿದ ಕೈ ಮುಖಕ್ಕಿಂತ ದೊಡ್ಡದಾಗುತ್ತದೆ. ಇಟಲಿಯ ಚಿತ್ರಕಾರ ಪಾರ್ಮಿಜಾನಿನೊ 1524ರ ಸುಮಾರಿಗೆ ಉಬ್ಬುಗನ್ನಡಿ ನೋಡಿ ಬರೆದ ತನ್ನ ಚಿತ್ರದಲ್ಲೂ ಕೈ ಭಾರಿ ದೊಡ್ಡದೇ. ಆದರೆ ಅಲ್ಲಿ ಕೋಣೆ, ಕಿಟಕಿ ಕೂಡ ಬಾಗಿವೆ, ಹಾಗಾಗಿ ನಂಬುತ್ತೇವೆ. ಸುಮ್ನೆ ಕೈಯೊಂದನ್ನೇ ಹಿಗ್ಗಿಸಿ ಉಳಿದದ್ದನ್ನು ನೆಟ್ಟಗೆ ಬರೆದರೆ ಬೇರೆ ಯಾರದ್ದೋ ಕೈ ಅನ್ನಿಸುತ್ತದೆ, ಅಲ್ವಾ?

ಹಾಗಂತ ಅಳತೆಯೇ ಎಲ್ಲವೂ ಅಲ್ಲ. ಇಟಲಿಯವನೇ ಆದ ಕಾರವಾಜಿಯೊ 1601ರಲ್ಲಿ ಬರೆದ ಎಮ್ಮಾಹುವಿನ ಊಟದ ಚಿತ್ರ ನೋಡಿ, ಮತ್ತೆ ಜೀವಂತನಾಗಿ ಬಂದ ಯೇಸು ಎಮ್ಮಾಹು ಎಂಬ ಊರಲ್ಲಿ ಶಿಷ್ಯರ ಜೊತೆ ಊಟಕ್ಕೆ ಕೂತ ಬೈಬಲ್ ಕಥೆ ಅದು. ಎರಡೂ ತೋಳು ಚಾಚಿದ ಶಿಷ್ಯನ ದೂರದ ಕೈ ಹತ್ತಿರದ ಕೈಯಷ್ಟೇ ದೊಡ್ಡದಿದೆ. ಲೆಕ್ಕದ ಪ್ರಕಾರ ತಪ್ಪು. ಆದರೂ ಆ ಹತ್ತಿರದ ಕೈ ಚೌಕಟ್ಟು ದಾಟಿ ನನ್ನ ಮೂಗಿನ ತನಕ ಬಂದ ಹಾಗೆ ಕಾಣುತ್ತದೆ.