ಅವರ ಸಂಘವನ್ನು ಅವರೇ ಕಟ್ಟಲಿ, ನಾವು ಜೊತೆಗೆ ನಿಲ್ಲೋಣ

ನಿನ್ನೆ ಸಿಂಧನೂರಿನಲ್ಲಿ ವಲಸೆ ಕಾರ್ಮಿಕರ ಸಭೆಯೊಂದರಲ್ಲಿ ಕುಳಿತು ಬಂದಾಗಿನಿಂದ ನನ್ನ ಮನಸ್ಸು ಕುದಿಯುತ್ತಿದೆ. ಅಕ್ಕಿ ಗಿರಣಿಗಳಲ್ಲಿ ಚೀಲ ಹೊರುವ, ಬಾಯ್ಲರ್‌ಗೆ ಹೊಟ್ಟು ಹಾಕುವ ಬಿಹಾರದ ಕೋಸಿ ನದಿ ಸೀಮೆಯ ಹುಡುಗರು, ಬಾಕಿ ಉಳಿದ ಪಗಾರದ ವಿಚಾರವಾಗಿ ತಾವೇ ಮಾತಾಡಿಕೊಂಡು, ತಾವೇ ವಂತಿಗೆ ಹಾಕಿ ಕರೆದ ಸಭೆ ಅದು. ಆದರೆ ವೇದಿಕೆಯ ಮೇಲಿದ್ದವರೆಲ್ಲ ನಮ್ಮೂರವರು. ಸ್ವಾಗತ, ಪ್ರಾಸ್ತಾವಿಕ ನುಡಿ, ಶಾಲು, ಹಾರ, ಅಧ್ಯಕ್ಷೀಯ ಭಾಷಣ ಎಲ್ಲವೂ ಕ್ರಮವಾಗಿ ಕನ್ನಡದಲ್ಲಿ ನಡೆದವು. ಜಮಖಾನೆಯ ಮೇಲೆ ಕುಳಿತಿದ್ದ ಕಾರ್ಮಿಕರಲ್ಲಿ ಒಬ್ಬನಿಗೂ ಮೈಕು ಸಿಗಲಿಲ್ಲ. ಅವರ ಹೊಟ್ಟೆಯ ಪ್ರಶ್ನೆಯ ಬಗ್ಗೆ ಅವರೆದುರಿಗೇ, ಅವರಿಗೆ ತಿಳಿಯದ ಭಾಷೆಯಲ್ಲಿ ಬೇರೆಯವರು ಮಾತಾಡಿ ಮುಗಿಸಿದರು.

ವೇದಿಕೆಯಲ್ಲಿದ್ದವರಲ್ಲಿ ಹಲವರನ್ನು ನಾನು ಬಲ್ಲೆ. ಅವರು ಕೆಟ್ಟವರಲ್ಲ, ಬಡವರ ಪರವಾಗಿ ಪೊಲೀಸರ ಲಾಠಿ ತಿಂದವರೂ ಅವರಲ್ಲಿದ್ದಾರೆ. ನನಗೆ ಹೆಚ್ಚು ನೋವಾಗಿರುವುದು ಅದಕ್ಕೇ. ವಿರೋಧಿಗಳು ಬಾಯಿ ಮುಚ್ಚಿಸಿದರೆ ಎದುರಿಸಬಹುದು, ಬೆಂಬಲಕ್ಕೆಂದು ಬಂದವರೇ ಮಾತಾಡುವ ಅವಕಾಶವನ್ನು ಕಿತ್ತುಕೊಂಡರೆ ಆ ಹುಡುಗರು ಯಾರ ಬಳಿಗೆ ಹೋಗಬೇಕು?

ನನ್ನ ಪಕ್ಕದಲ್ಲಿ ಕುಳಿತಿದ್ದ ಒಬ್ಬ ಹಮಾಲನ ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ಯಾವ ದಿನ ಯಾವ ಪಾಳಿ, ಎಷ್ಟು ಚೀಲ ಇಳಿಸಿದರು, ಊರಿನಿಂದ ಕರೆತರುವಾಗ ಕೊಟ್ಟ ಮುಂಗಡದಲ್ಲಿ ಎಷ್ಟು ಮುರಿದುಕೊಂಡರು, ಯಾರಿಗೆ ಜ್ವರ ಬಂದಾಗ ಹಾಜರಿ ಕಡಿತವಾಯಿತು ಎಂಬುದೆಲ್ಲ ಅದರಲ್ಲಿ ದೇವನಾಗರಿ ಅಕ್ಷರಗಳಲ್ಲಿತ್ತು. ರಾತ್ರಿ ರೊಟ್ಟಿ ಬೇಯಿಸಿಕೊಂಡ ಮೇಲೆ ಕೋಣೆಯಲ್ಲಿ ಎಲ್ಲರೂ ತಮ್ಮ ತಮ್ಮ ಲೆಕ್ಕ ಹೇಳುತ್ತಾರಂತೆ, ಅವನು ಬರೆದುಕೊಳ್ಳುತ್ತಾನಂತೆ. ನನ್ನ ಪ್ರಕಾರ ಸಂಘ ಹುಟ್ಟಿದ್ದು ಆ ಕೋಣೆಯಲ್ಲಿ. ಗುತ್ತಿಗೆದಾರನೂ ಮಾಲೀಕನೂ ಪರಸ್ಪರರ ಕಡೆಗೆ ಬೆರಳು ತೋರಿಸಿ ನುಣುಚಿಕೊಳ್ಳುವ ಈ ವ್ಯವಹಾರದಲ್ಲಿ, ದುಡಿದವನ ಬಳಿ ಇರುವ ಏಕೈಕ ಸಾಕ್ಷಿ ಅಂಥ ಲೆಕ್ಕ. ಅದನ್ನು ತೆರೆದು ಓದಿಸುವಷ್ಟು ವ್ಯವಧಾನ ನಿನ್ನೆಯ ಸಭೆಗೆ ಇರಲಿಲ್ಲ.

ಏಳು ಮಂದಿ ಕಾರ್ಮಿಕರು ಸೇರಿದರೆ ಸಂಘದ ನೋಂದಣಿಗೆ ಅರ್ಜಿ ಹಾಕಬಹುದು ಎಂದು 1926ರ ಕಾರ್ಮಿಕ ಸಂಘಗಳ ಕಾಯ್ದೆ ಹೇಳಿತ್ತು. ಈಗಿನ ಔದ್ಯೋಗಿಕ ಸಂಬಂಧಗಳ ಸಂಹಿತೆಯಲ್ಲಿಯೂ ಆ ಅವಕಾಶ ಉಳಿದಿದೆ. ಅಂತರರಾಜ್ಯ ವಲಸೆ ಕಾರ್ಮಿಕರಿಗೆಂದೇ 1979ರಲ್ಲಿ ಬಂದ ಕಾಯ್ದೆಯ ಪ್ರಕಾರ ಗುತ್ತಿಗೆದಾರನು ಪ್ರತಿಯೊಬ್ಬರಿಗೂ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕಿತ್ತು, ಊರು ಬಿಟ್ಟು ಬಂದದ್ದಕ್ಕೆ ಸ್ಥಳಾಂತರ ಭತ್ಯೆ ಕೊಡಬೇಕಿತ್ತು. ನಿನ್ನೆ ನಾನು ಕೇಳಿದವರಲ್ಲಿ ಯಾರೂ ಅಂಥ ಪಾಸ್‌ಬುಕ್ಕನ್ನು ಕಣ್ಣಿನಿಂದ ಕಂಡಿರಲಿಲ್ಲ. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಂದು ಜಾರಿಗೆ ಬಂದ, ಕೆಲಸದ ಸುರಕ್ಷತೆ ಮತ್ತು ಆರೋಗ್ಯದ ಹೊಸ ಸಂಹಿತೆಯು ಐದು ಮಂದಿ ವಲಸೆ ಕಾರ್ಮಿಕರಿದ್ದರೂ ಅನ್ವಯವಾಗುತ್ತಿದ್ದ ಮಿತಿಯನ್ನು ಹತ್ತಕ್ಕೆ ಏರಿಸಿತು, ಸ್ಥಳಾಂತರ ಭತ್ಯೆಯನ್ನು ಕೈಬಿಟ್ಟಿತು. ಕಾನೂನು ಇದ್ದಾಗಲೂ ಕೈಗೆ ಬಾರದ ಹಕ್ಕು ಕಾನೂನು ಸಡಿಲವಾದ ಮೇಲೆ ತಾನಾಗಿಯೇ ಬರುತ್ತದೆಯೇ? ಗಿರಣಿಯ ಗೇಟಿನ ಒಳಗೆ ದುಡಿಯುವವರು ಒಟ್ಟಾಗದೆ ಬರುವುದಿಲ್ಲ. ನಾವು ಹೊರಗಿನಿಂದ ಎಷ್ಟೇ ಭಾಷಣ ಮಾಡಿದರೂ ಮಾರನೆಯ ದಿನ ಆ ಗೇಟಿನೊಳಗೆ ಹೋಗುವವರು ಅವರು. ಕೆಲಸದಿಂದ ತೆಗೆದರೆ ರೈಲು ಹತ್ತಬೇಕಾದವರೂ ಅವರೇ. ಆದ್ದರಿಂದ ಯಾವಾಗ ಮನವಿ ಕೊಡಬೇಕು, ಯಾವಾಗ ಕೆಲಸ ನಿಲ್ಲಿಸಬೇಕು, ಎಲ್ಲಿ ರಾಜಿಯಾಗಬೇಕು ಎಂಬ ತೀರ್ಮಾನವೂ ಅವರದ್ದೇ ಆಗಿರಬೇಕು.

ಅವರಿಗೆ ಕನ್ನಡ ಬರುವುದಿಲ್ಲ, ಅಧಿಕಾರಿಗಳು ಅವರ ಮಾತಿಗೆ ಬೆಲೆ ಕೊಡುವುದಿಲ್ಲ, ಆದ್ದರಿಂದ ನಾವೇ ಮುಂದೆ ನಿಲ್ಲಬೇಕಾಗುತ್ತದೆ ಎಂದು ಸಭೆಯ ನಂತರ ಹಿರಿಯರೊಬ್ಬರು ನನಗೆ ಸಮಜಾಯಿಷಿ ನೀಡಿದರು. ಕನ್ನಡ ಬಾರದಿದ್ದರೆ ಅನುವಾದಿಸುವವರನ್ನು ಕೂರಿಸೋಣ. ನಮ್ಮ ತಾಲ್ಲೂಕಿನಲ್ಲಿ ಅಂಥವರಿಗೆ ಕೊರತೆಯೇ? ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರನ್ನು, ಬರ್ಮಾದಿಂದ ಮರಳಿದವರನ್ನು ಸರ್ಕಾರವು ತಂದು ನೆಲೆಗೊಳಿಸಿದ ಪುನರ್ವಸತಿ ಕ್ಯಾಂಪುಗಳು ಇರುವುದು ಇದೇ ಸಿಂಧನೂರು ತಾಲ್ಲೂಕಿನಲ್ಲಿ. ಅಲ್ಲಿನ ಮಕ್ಕಳು ನಮ್ಮ ಶಾಲೆಗಳಲ್ಲಿ ಕನ್ನಡ ಓದಿದ್ದಾರೆ. ಹೊರಗಿನವರು ಎನಿಸಿಕೊಂಡು ಬದುಕುವುದು ಹೇಗಿರುತ್ತದೆ ಎಂಬುದನ್ನು ಆ ಮನೆಗಳು ನಮಗಿಂತ ಚೆನ್ನಾಗಿ ಬಲ್ಲವು, ಏಕೆಂದರೆ ಐದು ದಶಕ ಇಲ್ಲಿಯ ಮಣ್ಣಿನಲ್ಲಿ ಭತ್ತ ಬೆಳೆದ ಮೇಲೆ ಅವರಲ್ಲಿ ಕೆಲವರಿಗೆ ಪೌರತ್ವದ ಪತ್ರ ಸಿಕ್ಕಿದ್ದು 2024ರಲ್ಲಿ. ನಿನ್ನೆ ಸಭೆಯ ಕೊನೆಯ ಸಾಲಿನಲ್ಲಿ ಕ್ಯಾಂಪಿನ ಹೆಣ್ಣುಮಗಳೊಬ್ಬಳು ಕುಳಿತು, ಪಕ್ಕದವರಿಗೆ ಮೆಲುದನಿಯಲ್ಲಿ ಹಿಂದಿಯಲ್ಲಿ ವಿವರಿಸುತ್ತಿದ್ದಳು. ಆ ಸಭೆಯಲ್ಲಿ ನಿಜವಾದ ಬೆಂಬಲ ಕೊಟ್ಟವಳು ಆಕೆ. ಆಕೆಯನ್ನು ಯಾರೂ ಮುಂದೆ ಕರೆಯಲಿಲ್ಲ.

ಇನ್ನು, ನಮ್ಮ ಹುಡುಗರ ಕೆಲಸವನ್ನು ಇವರು ಕಸಿಯುತ್ತಾರೆ ಎಂಬ ಮಾತನ್ನು, ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ಹೆಸರು ಹೇಳಿಕೊಂಡು ಆಡುವವರಿದ್ದಾರೆ. ಆ ವಿಧಿಗಾಗಿ ನಾವೆಲ್ಲ ಹೋರಾಡಿದ್ದೇವೆ. ಅದು ನಮಗೆ ಕೊಟ್ಟದ್ದು ಸರ್ಕಾರಿ ಹುದ್ದೆಗಳಲ್ಲಿ ಮತ್ತು ಕಾಲೇಜು ಸೀಟುಗಳಲ್ಲಿ ಮೀಸಲಾತಿ. ಗಿರಣಿಯ ಹಮಾಲಿಗೂ ಅದಕ್ಕೂ ಸಂಬಂಧವಿಲ್ಲ. ಮಾಲೀಕರಿಗೆ ಹೊರಗಿನವರು ಬೇಕಾಗಿರುವುದು ಅವರು ಪಗಾರ ಕೇಳಲಾರರು, ರಜೆ ಕೇಳಲಾರರು ಎಂಬ ಧೈರ್ಯದಿಂದ. ಅವರು ಕೇಳಲು ಕಲಿತ ದಿನ ಕಡಿಮೆ ಕೂಲಿಯ ಲಾಭ ತಪ್ಪುತ್ತದೆ, ನಮ್ಮ ಹಮಾಲರ ಕೂಲಿಯೂ ಕುಸಿಯದೆ ನಿಲ್ಲುತ್ತದೆ. ಅಷ್ಟಕ್ಕೂ 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ನಿಂತು, ಎಡದಂಡೆ ಕಾಲುವೆ ಹರಿದ ಮೇಲೆ ಕರಾವಳಿ ಆಂಧ್ರದ ರೈತರು ಬಂದು ಕ್ಯಾಂಪು ಕಟ್ಟಿದ್ದರಿಂದಲೇ ಗಂಗಾವತಿ, ಸಿಂಧನೂರು ಇಂದಿನ ಭತ್ತದ ನಾಡಾದವು. ದುಡ್ಡಿನೊಂದಿಗೆ ಬಂದವರನ್ನು ಸಾಹುಕಾರರು ಎಂದು ಕರೆದ ನಾವು, ಬರಿಗೈಯಲ್ಲಿ ಬಂದವರನ್ನು ಮಾತ್ರ ಯಾವ ಊರು, ಯಾವ ದೇಶ ಎಂದು ತಡೆದು ಕೇಳುತ್ತೇವೆ.

ಇದನ್ನು ಬರೆಯುವಾಗ ನನಗೆ ಸಿಟ್ಟಿನ ಜೊತೆಗೆ ಬೇರೆಯದೂ ಇದೆ. ನನ್ನ ಅಪ್ಪ ಬರ ಬಿದ್ದ ವರ್ಷಗಳಲ್ಲಿ ಬೆಂಗಳೂರಿಗೆ ಗುಳೆ ಹೋಗಿ, ಕಟ್ಟಡಗಳಿಗೆ ಇಟ್ಟಿಗೆ ಹೊತ್ತವನು. ಅಲ್ಲಿ ಅವನಿಗೆ ಹೆಸರಿರಲಿಲ್ಲ, ‘ರಾಯಚೂರು ಕಡೆಯವನು’ ಎಂದಷ್ಟೇ ಕರೆಯುತ್ತಿದ್ದರಂತೆ. ಮೇಸ್ತ್ರಿ ಕೂಲಿ ಮುರಿದುಕೊಂಡ ಕತೆಯನ್ನು ಅವನು ಸಾಯುವವರೆಗೂ ಹೇಳಿದ, ಆದರೆ ಆ ಕತೆಯನ್ನು ಯಾವ ಕಚೇರಿಯಲ್ಲೂ ಹೇಳಲು ಅವನಿಗೆ ಆಗಲಿಲ್ಲ. 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ಸಿಂಧನೂರಿನ ತನ್ನ ಮನೆಗೆ ನಡೆದುಕೊಂಡು ಹೊರಟ ನಮ್ಮ ಕಡೆಯ ಕೂಲಿ ಹೆಣ್ಣುಮಗಳು ಬಳ್ಳಾರಿಯ ಆಸ್ಪತ್ರೆಯಲ್ಲಿ ತೀರಿಕೊಂಡದ್ದು ನಿಮಗೂ ನೆನಪಿರಬೇಕು. ಇಷ್ಟು ಕಂಡ ಜಿಲ್ಲೆಯ ಜನರಿಗೆ, ಕೋಸಿಯ ನೆರೆಗೆ ಹೊಲ ಕಳೆದುಕೊಂಡು ಬಂದವನ ಕಷ್ಟವನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ.

ಸಾಂವಿಧಾನಿಕವಾಗಿ ಭಾರತದ ಯಾವ ಮೂಲೆಯಲ್ಲಾದರೂ ನೆಲೆಸುವ, ಸಂಘ ಕಟ್ಟುವ ಹಕ್ಕು 19ನೆಯ ವಿಧಿಯಿಂದ ಅವರಿಗಿದೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಬಲವಂತದ ದುಡಿಮೆಯೇ ಎಂದು 1982ರಲ್ಲಿ ಏಷ್ಯಾಡ್ (ದೆಹಲಿಯ ಏಷ್ಯನ್ ಕ್ರೀಡಾಕೂಟ) ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಂಥ ತೀರ್ಪನ್ನು ಹಿಂದಿಯಲ್ಲಿ ಒಂದು ಪುಟಕ್ಕೆ ಇಳಿಸಿ ಆ ಕೋಣೆಯಲ್ಲಿ ಓದುವುದು ನಮ್ಮ ಕೈಯಲ್ಲಿ ಆಗುವ ಕೆಲಸ. ಕಾರ್ಮಿಕ ಇಲಾಖೆಗೆ ಹೋಗುವಾಗ ಜೊತೆಗೆ ಹೋಗಿ ಪಕ್ಕದಲ್ಲಿ ಕುಳಿತಿರುವುದೂ ಅಂಥದ್ದೇ. ಕೋಣೆ ಖಾಲಿ ಮಾಡಿಸುತ್ತೇನೆ ಎಂದು ಬೆದರಿಸುವ ಮನೆ ಮಾಲೀಕನ ಜೊತೆ ಮಾತಾಡುವುದಂತೂ ನಮ್ಮಿಂದಲೇ ಆಗಬೇಕಾದದ್ದು.

ಮುಂದಿನ ವಾರ ಅವರು ಮತ್ತೆ ಸೇರುತ್ತಾರೆ. ಸಂಜೆ ಪಾಳಿ ಮುಗಿದ ಮೇಲೆ ಕೂರಲು ಒಂದು ಜಾಗ ಬೇಕಾಗಿದೆ. ಕೊಡಬಲ್ಲವರು ನನಗೆ ತಿಳಿಸಿ. ನೋಟ್‌ಬುಕ್ಕಿನ ಲೆಕ್ಕವನ್ನು ಕನ್ನಡದ ಅರ್ಜಿಯಾಗಿ ಬರೆಯಲು ಹಿಂದಿ ಮತ್ತು ಕನ್ನಡ ಎರಡೂ ಬಲ್ಲವರು ಬೇಕು. ಅರ್ಜಿಯ ಕೆಳಗಿನ ಸಹಿಗಳು ಕಾರ್ಮಿಕರದ್ದೇ ಇರುತ್ತವೆ.